ಜೋಳಿಗೆಯೊಡ್ಡಿ ಚಟ ಬೇಡಿದವರು



ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಹುಡುಗರ ಕೈಗೆ ಗಾಂಜಾ ಸಿಗುತ್ತಿದೆಯೆಂಬ ಮಾತು ಬಂದಾಗಲೆಲ್ಲ ಹಿರಿಯರು "ಕಾಲ ಕೆಟ್ಟಿತು" ಎಂದು ನಿಟ್ಟುಸಿರಿಡುತ್ತಾರೆ. ಆದರೆ ಅಮಲು ನಮ್ಮ ಸೀಮೆಗೆ ಹೊಸತಲ್ಲ. ಅದನ್ನು ಬಿಡಿಸಲು ಜನ ಪಟ್ಟ ಪಾಡೂ ಹೊಸತಲ್ಲ.

1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಸೇಂದಿ, ಸಾರಾಯಿಗಳಿಂದ ಬರುವ ಆಬಕಾರಿ ಹಣ ಆ ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, 2009ರ ಕೊನೆಗೆ ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದೆವು. ಆಳುವವರು ಬದಲಾದರೂ ಆಬಕಾರಿಯ ಆಸೆ ಬದಲಾಗಲಿಲ್ಲ. ಹೀಗಾಗಿ ಕುಡಿತ ಬಿಡಿಸುವ ಹೊರೆ ಮನೆಯ ಹೆಣ್ಣುಮಕ್ಕಳ ಮೇಲೂ ಮಠಗಳ ಮೇಲೂ ಬಿತ್ತು.

ಗಾಂಜಾದ ಕಥೆ ಇನ್ನೂ ಸೂಕ್ಷ್ಮವಾದುದು. ಸುರಪುರ ತಾಲ್ಲೂಕಿನ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಅದನ್ನು ಪ್ರಸಾದವಾಗಿ ಸ್ವೀಕರಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದವು. ಭಕ್ತರು ಅದನ್ನು ಧ್ಯಾನದ ಸಾಧನವೆನ್ನುತ್ತಾರೆ, ಚಟವೆನ್ನುವುದಿಲ್ಲ. ಅವರ ಶ್ರದ್ಧೆಯನ್ನು ನಾನು ಹಳಿಯಲಾರೆ. ಆದರೆ 1985ರ ಮಾದಕ ವಸ್ತುಗಳ ಕಾಯಿದೆ ಈ ಭೇದವನ್ನು ಎಣಿಸುವುದಿಲ್ಲ. ಹದಿನೇಳರ ಹುಡುಗನ ಎಳೆಯ ಮಿದುಳೂ ಎಣಿಸುವುದಿಲ್ಲ.

ಇದಕ್ಕೆ ಮದ್ದೇನು? ಕೃಷ್ಣೆಯ ಆಚೆಗಿರುವ ಇಳಕಲ್ಲಿನ ಕಡೆ ನೋಡಿರಿ. ಅಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು, ಓಣಿ ಓಣಿ ತಿರುಗತೊಡಗಿದರು. ಅವರು ಜೋಳವನ್ನಾಗಲಿ ಕಾಸನ್ನಾಗಲಿ ಬೇಡಲಿಲ್ಲ. "ನಿಮ್ಮ ದುಶ್ಚಟಗಳನ್ನು ಭಿಕ್ಷೆ ನೀಡಿ" ಎಂದು ಬೇಡಿದರು. ಜನ ಬೀಡಿ, ತಂಬಾಕು, ಗುಟ್ಖಾಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಅದೇ 'ಮಹಾಂತ ಜೋಳಿಗೆ'. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.

ಕಾನೂನೂ ಬೇಕು, ಹೋರಾಟವೂ ಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅಂಗಡಿಯನ್ನು ಸರ್ಕಾರ ಮುಚ್ಚಬಹುದು. ಚಟವನ್ನು ಬಿಡಬೇಕಾದವನು ಮಾತ್ರ ಮನುಷ್ಯನೇ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ದಿನವೂ ತೂಕಡಿಸುತ್ತಿದ್ದ. ಒಂದು ದಿನ ಅವನ ಜೇಬಿನಲ್ಲಿ ಸೊಪ್ಪಿನ ಪೊಟ್ಟಣ ಸಿಕ್ಕಿತು. ಎಲ್ಲರೆದುರು ಬೈದು ಹೊರಗೆ ಕಳಿಸಿದೆ. ಮರುದಿನದಿಂದ ಅವನು ಶಾಲೆಗೇ ಬರಲಿಲ್ಲ. ಶಿಸ್ತು ಉಳಿಯಿತೆಂದು ಅಂದು ಬೀಗಿದ್ದೆ. ಆ ಪೊಟ್ಟಣವನ್ನು ನಾನು ಕಸಿದುಕೊಂಡೆನೇ ಹೊರತು ಬೇಡಲಿಲ್ಲ ಎಂಬುದು ಮಹಾಂತ ಜೋಳಿಗೆಯ ಕಥೆ ಕೇಳಿದ ಮೇಲೆ ಹೊಳೆಯಿತು.

ಕಾಯಿದೆಗೂ ಒಂದು ಪುಟ್ಟ ಜೋಳಿಗೆ ಇದೆ. ಅಲ್ಪ ಪ್ರಮಾಣದ ಮಾದಕ ವಸ್ತುವಿನೊಡನೆ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ 64ಎ ಕಲಮು ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ನಿಮ್ಮಲ್ಲಿ ಹಲವರು ಈಗ ತಂದೆ-ತಾಯಿಗಳು, ಕೆಲವರು ಶಿಕ್ಷಕರು. ಮನೆಯ ಹುಡುಗ ದಾರಿ ತಪ್ಪಿದರೆ ಬಾಗಿಲು ಮುಚ್ಚಬೇಡಿ. ಬಳಿಗೆ ಕರೆದು ಕೂರಿಸಿಕೊಂಡು, ಜೋಳಿಗೆಯೊಡ್ಡಿರಿ.