ಹಿಮಪಾದುಕೆಯ ವಿಸ್ಮಯ
ಜರ್ಮನ್ ಮೂಕಿಚಿತ್ರ, 1920. ಕಪ್ಪು-ಬಿಳುಪು, 35 ಮಿ.ಮೀ.

ಭೂವಿಜ್ಞಾನದಲ್ಲಿ ಪಂಡಿತನೂ ಪರ್ವತಾರೋಹಣದಲ್ಲಿ ಅನುರಕ್ತನೂ ಆಗಿದ್ದ ಆರ್ನಾಲ್ಡ್ ಫಾಂಕನು ಫ್ರೈಬುರ್ಗ್ ನಗರದಲ್ಲಿ ಮಿತ್ರರೊಡಗೂಡಿ ಕಟ್ಟಿದ ಪರ್ವತ-ಕ್ರೀಡಾ ಚಿತ್ರಸಂಸ್ಥೆಯ ಆದ್ಯಕೃತಿಗಳಲ್ಲಿ ಈ ಚಿತ್ರವು ಅಗ್ರಗಣ್ಯವಾದುದು. ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರುಗಳಲ್ಲಿ ಸಂಚರಿಸುವ ವಿದ್ಯೆಯನ್ನು ಬೋಧಿಸುವುದೂ ಅದರ ಸೌಂದರ್ಯವನ್ನು ಜನರ ಕಣ್ಣಿಗೆ ಕಟ್ಟುವುದೂ ಇದರ ಉದ್ದೇಶ.

ಕೃತಕ ದೃಶ್ಯಪಟಗಳ ಹಂಗಿಲ್ಲದೆ, ಕೊರೆಯುವ ಚಳಿಯಲ್ಲಿ, ಭಾರವಾದ ಕ್ಯಾಮರಾವನ್ನು ಗಿರಿಶಿಖರಗಳಿಗೆ ಹೊತ್ತೊಯ್ದು ಚಿತ್ರಿಸುತ್ತಿದ್ದ ಈ ಬಳಗದಲ್ಲಿ ಛಾಯಾಗ್ರಾಹಕ ಸೆಪ್ ಆಲ್‌ಗೈಯರನ ಪಾತ್ರವು ಹಿರಿದು. ಆತನು ಸ್ವತಃ ನಿಪುಣ ಸ್ಕೀಗಾರನಾಗಿದ್ದುದರಿಂದಲೇ ಇಂತಹ ಚಿತ್ರೀಕರಣವು ಸಾಧ್ಯವಾಯಿತೆಂದು ಹೇಳಬೇಕು. ಪರದೆಯ ಮೇಲೆ ಕಾಣುವ ಕ್ರೀಡಾಪಟುಗಳಲ್ಲಿ ಆಸ್ಟ್ರಿಯದ ಆರ್ಲ್‌ಬರ್ಗ್ ಪ್ರಾಂತದ ಪ್ರಖ್ಯಾತ ಸ್ಕೀಗುರು ಹಾನೆಸ್ ಶ್ನೈಡರನೂ ಒಬ್ಬನು.

ಸ್ಕೀ ನೆಗೆತದ ಮಂದಗತಿಯ ದೃಶ್ಯವನ್ನು ವಿಶೇಷವಾಗಿ ಗಮನಿಸಿರಿ. ಸೆಕೆಂಡಿಗೆ ಎಷ್ಟೋ ಅಧಿಕ ಸಂಖ್ಯೆಯ ಚೌಕಟ್ಟುಗಳನ್ನು ಸೆರೆಹಿಡಿದು, ಅವನ್ನೇ ಸಾಧಾರಣ ವೇಗದಲ್ಲಿ ತೋರಿಸುವುದರಿಂದ, ಕ್ಷಣಮಾತ್ರದಲ್ಲಿ ಮುಗಿದುಹೋಗುವ ನೆಗೆತವು ಗಗನದಲ್ಲಿ ತೇಲುವ ಹಕ್ಕಿಯಂತೆ ದೀರ್ಘವಾಗುತ್ತದೆ. ಬರಿಗಣ್ಣಿಗೆ ಎಂದೂ ನಿಲುಕದ ದೇಹದ ಸಮತೋಲವು ಅಂಗಾಂಗವಾಗಿ ಬಿಚ್ಚಿಕೊಳ್ಳುತ್ತದೆ. ಇಂದು ಕ್ರೀಡಾಪ್ರಸಾರದಲ್ಲಿ ನಿತ್ಯಪರಿಚಿತವಾಗಿರುವ ಈ ತಂತ್ರವು ಅಂದಿನ ಪ್ರೇಕ್ಷಕರಿಗೆ ಅಪೂರ್ವವಾದುದು. ಚಿತ್ರದ ಜೀವಾಳವೂ ಅದೇ ಎಂಬುದು ನಮ್ಮ ಭಾವನೆ.

ಫಾಂಕ್ ಮತ್ತು ಶ್ನೈಡರರು 1925ರಲ್ಲಿ ಇದೇ ಹೆಸರಿನ ಗ್ರಂಥವೊಂದನ್ನು ಪ್ರಕಟಿಸಿ, ಚಲನಚಿತ್ರದ ಬಿಡಿ ಚೌಕಟ್ಟುಗಳನ್ನು ಸಾಲುಸಾಲಾಗಿ ಅದರೊಡನೆ ಮುದ್ರಿಸಿ, ಕಲಿಯುವವರು ಒಂದೊಂದು ಭಂಗಿಯನ್ನೂ ಸಾವಧಾನವಾಗಿ ಅಭ್ಯಸಿಸಲು ಅನುವು ಮಾಡಿಕೊಟ್ಟರು.