ತಿರುಗುವ ಮರ, ಕರಗುವ ಅರಗು

ಹಲ್ಲು ಮೂಡುತ್ತಿರುವ ಮಗುವಿನ ಕೈಗೆ ಏನು ಕೊಟ್ಟರೂ ಅದು ಮೊದಲು ಹೋಗುವುದು ಬಾಯಿಗೆ. ಚನ್ನಪಟ್ಟಣದ ಗೊಂಬೆ ಕಸುಬಿನ ಹೆಚ್ಚುಗಾರಿಕೆಯನ್ನು ಅಳೆಯಬೇಕಾದದ್ದೂ ಇಲ್ಲಿಂದಲೇ.

ಈ ಕಸುಬಿನ ಬೇರು ಟಿಪ್ಪು ಸುಲ್ತಾನನ ಕಾಲದ್ದೆಂದೂ, ಅವನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂದೂ ಊರಿನ ಪ್ರತೀತಿ. ಆಮೇಲೆ ಬವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ಪಟ್ಟುಗಳನ್ನು ಇಲ್ಲಿಗೆ ತಂದು ಕಲಿಸಿದರೆಂದು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಬಳಸುತ್ತಿದ್ದುದು ಹೆಚ್ಚಾಗಿ ಆಲೆ ಮರ. ಬಿಳುಪಾದ, ಉಳಿಗೆ ಸುಲಭವಾಗಿ ಬಗ್ಗುವ ಮರ ಅದು. ಚೆನ್ನಾಗಿ ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ಗರಗರ ತಿರುಗುವಾಗಲೇ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಕುಂಚದ ಮಾತೇ ಇಲ್ಲ. ಕೊನೆಗೆ ಕೇದಗೆಯ ಎಲೆಯಿಂದ ತೀಡಿದರೆ ಕನ್ನಡಿಯ ಹೊಳಪು. ಅರಿಸಿನ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸಿದ ಅರಗಾದರೆ ಮಗು ಚೀಪಿದರೂ ತಾಯಿಗೆ ದಿಗಿಲಿಲ್ಲ.

ಲೇತಿನ ಮೇಲೆ ಹುಟ್ಟಿದ್ದಕ್ಕೆ ಚೂಪು ಮೂಲೆಯೂ ಇರುವುದಿಲ್ಲ. ಗಿಲಕಿ, ಬುಗುರಿ, ದಾರ ಕಟ್ಟಿ ಎಳೆಯುವ ಗಾಲಿ ಕುದುರೆ, ಗೂಟಕ್ಕೆ ಒಂದರ ಮೇಲೊಂದು ಸೇರಿಸುವ ಬಳೆಗಳು, ಎಲ್ಲವೂ ದುಂಡು. ಇವುಗಳಲ್ಲಿ ಯಾವುದೂ ತಾನಾಗಿ ಕುಣಿಯುವುದಿಲ್ಲ. ಮಗು ಅಲ್ಲಾಡಿಸಿದರೆ ಸದ್ದು, ಎಳೆದರೆ ಓಟ. ಗುಂಡಿ ಒತ್ತಿದರೆ ಹಾಡುವ ಆಟಿಕೆಯ ಮುಂದೆ ಮಗು ಬರೀ ನೋಡುಗ. ಇಲ್ಲಿ ಆಟವೆಲ್ಲ ಮಗುವಿನದೇ.

ಅಂಥ ಕಸುಬು ಅಗ್ಗದ ಪ್ಲಾಸ್ಟಿಕ್ಕಿನ ಮುಂದೆ ಸೊರಗಿತು. ಚೀನಾದ ಆಟಿಕೆಗಳು ಸಂತೆ ಜಾತ್ರೆಗಳನ್ನೂ ತುಂಬಿಕೊಂಡವು. ಕಸುಬಿನ ಕೈಹಿಡಿಯಲು ಸರ್ಕಾರ 32 ಲೇತುಗಳ ಕೇಂದ್ರವೊಂದನ್ನು ಊರಿನಲ್ಲಿ ತೆರೆಯಿತು. ನೆದರ್ಲೆಂಡ್ಸ್ ಸರ್ಕಾರದ ನೆರವೂ ಕುಶಲಕರ್ಮಿಗಳಿಗೆ ಒದಗಿತು. 2005–06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅದರ ಬೆನ್ನಲ್ಲೇ, 2007ರಲ್ಲಿ, ಬಣ್ಣದಲ್ಲಿ ಸೀಸವಿದೆಯೆಂದು ಮ್ಯಾಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ವಾಪಸು ಪಡೆಯಿತು. ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ಜಗತ್ತಿನ ತಂದೆತಾಯಿಯರ ಪ್ರಶ್ನೆಯಾಯಿತು. ಅದಕ್ಕೆ ಒಳ್ಳೆಯ ಉತ್ತರ ಚನ್ನಪಟ್ಟಣದ ಲೇತುಗಳ ಮೇಲೆ ಎಷ್ಟೋ ಕಾಲದಿಂದ ತಿರುಗುತ್ತಲೇ ಇತ್ತು.

2021ರ ಜನವರಿಯಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಸಣ್ಣ ಮನೆಗಳಲ್ಲಿ ಲೇತು ಇಟ್ಟುಕೊಂಡವರಿಗೆ ಇದು ನ್ಯಾಯವೇ. ಆದರೆ ಗುರುತಿಲ್ಲದ ಕಡೆ ಕೊಳ್ಳುವವರೇ ಕೇಳಿ ತಿಳಿಯಬೇಕು: ಹಚ್ಚಿದ್ದು ಅರಗೋ, ಡಬ್ಬಿಯ ಪೇಂಟೋ? ಬಣ್ಣ ಗಿಡಮೂಲದ್ದೋ, ಕಾರ್ಖಾನೆಯದೋ? ಮಗುವಿನ ಗಂಟಲಿಗೆ ಇಳಿಯುವಷ್ಟು ಸಣ್ಣ ಮಣಿ ಏನಾದರೂ ಕಳಚಿಬರುತ್ತದೆಯೋ? ತನ್ನ ಕೈಯಾರೆ ಕಡೆದು ಮಾರುವವನು ಇವುಗಳಿಗೆ ಉತ್ತರ ಕೊಡಬಲ್ಲ.