ಕಲ್ಲಿನ ಮೇಲಿನ ಹಸು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಹಸುವನ್ನು ಕೆತ್ತಿದ ಹಳೆಯ ಕಲ್ಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದಾನಶಾಸನ: ನೆತ್ತಿಯ ಮೇಲೆ ಸೂರ್ಯ ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ನಂದಿ, ಕರುವಿಗೆ ಹಾಲೂಡಿಸುವ ಹಸು. ಇನ್ನೊಂದು ತುರುಗೋಳಿನ, ಎಂದರೆ ದನಗಳ ಸೂರೆಯ, ವೀರಗಲ್ಲು: ಕೆಳಪಟ್ಟಿಯಲ್ಲಿ ದನಗಳ ಸಾಲು, ಅವುಗಳಿಗಾಗಿ ಕಾದಾಡಿ ಬೀಳುವ ಆಳು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಅದಕ್ಕೂ ಮೇಲೆ ಕೈಲಾಸ. ಎರಡನ್ನೂ ‘ಹಸು ಎಂದರೆ ಸಮೃದ್ಧಿ’ ಎಂದು ಓದಿಬಿಡುವುದು ರೂಢಿ. ಇದು ಅವಸರದ ಓದು. ಕಲ್ಲನ್ನು ಯಾವ ಕೆಲಸಕ್ಕೆ ನೆಟ್ಟರೋ ಅದನ್ನು ನೋಡಿಯೇ ಅದರ ಮೇಲಿನ ಹಸುವಿಗೆ ಅರ್ಥ ಹೇಳಬೇಕು.

ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳದು. ಇಂಥ ದಾನಶಾಸನಗಳ ಕೊನೆಗೆ ಬರುವ ಮಾತು ಕನ್ನಡ ನಾಡಿನ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ: ದಾನವನ್ನು ಕಾಪಾಡಿದವನಿಗೆ, ಕೋಡು ಕೊಳಗಿಗೆ ಹೊನ್ನು ಕಟ್ಟಿಸಿ ಕಾಶಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಟ್ಟ ಪುಣ್ಯ, ಕೆಡಿಸಿದವನಿಗೆ ಅಷ್ಟೇ ಕವಿಲೆಗಳನ್ನು ಅಲ್ಲಿಯೇ ಕೊಂದ ಪಾಪ. ನೆತ್ತಿಯ ಮೇಲಿನ ಹಸು-ಕರು ಈ ಮಾತಿನ ಚಿತ್ರ. ಸೂರ್ಯ ಚಂದ್ರರು ‘ನಾವಿರುವವರೆಗೆ’ ಎಂದು ದಾನದ ಅವಧಿ ಹೇಳಿದರೆ, ಹಸು ಹೇಳುವುದು ಎಚ್ಚರಿಕೆ. ವೀರಗಲ್ಲಿನ ದನಗಳ ಚಹರೆಯೇ ಬೇರೆ. ಅವು ಸಾಮಾನ್ಯವಾಗಿ ಒಂದರ ಹಿಂದೊಂದು, ಒಂದೇ ದಿಕ್ಕಿಗೆ ಮುಖಮಾಡಿ, ಯಾರೋ ಅಟ್ಟಿಕೊಂಡು ಹೋಗುತ್ತಿರುವಂತೆ ನಿಂತಿರುತ್ತವೆ. ಅಲ್ಲಿ ಹಸು ಎಂದರೆ ಸೊತ್ತು, ಕಳುವಾದ ಮಾಲು. ಅದನ್ನು ಬಿಡಿಸಲು ಹೋಗಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಕೊಟ್ಟಿದ್ದರೆ, ಆ ಕಲ್ಲು ನೆನಪೂ ಹೌದು, ಹಕ್ಕುಪತ್ರವೂ ಹೌದು.

ಕಲ್ಲುಕುಟಿಗ ಕೈಗೆ ರೂಢಿಯಾದ ಮಾದರಿಯನ್ನು ಕೊರೆದಿದ್ದಾನೆ, ಇಷ್ಟೆಲ್ಲ ಅರ್ಥ ಹುಡುಕುವುದೇಕೆ ಎನ್ನುವವರಿದ್ದಾರೆ. ಹದಿನೇಳನೆಯ ಶತಮಾನದ ಡಚ್ ಚಿತ್ರಗಳ ಬಗ್ಗೆಯೂ ಇದೇ ತಕರಾರು: ಕಲಾ ಇತಿಹಾಸಕಾರ ಎಡ್ಡಿ ಡೆ ಯೊಂಗ್ ಅವುಗಳಲ್ಲಿ ಒಳಾರ್ಥ ಹುಡುಕಿದರೆ, ಇನ್ನೊಬ್ಬ ಕಲಾ ಇತಿಹಾಸಕಾರ್ತಿ ಸ್ವೆಟ್ಲಾನಾ ಆಲ್ಪರ್ಸ್ 1983ರ ತಮ್ಮ ಪುಸ್ತಕದಲ್ಲಿ ಅವು ಕಂಡದ್ದನ್ನು ಬಣ್ಣಿಸುವ ಚಿತ್ರಗಳೆಂದರು. ಆ ಕಾಲದ ಡಚ್ ಚಿತ್ರಕಾರ ಪೌಲುಸ್ ಪೊಟ್ಟರ್ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ದನಗಳಿಗೆ ಕೆಳಗೊಂದು ಶಾಪವಾಕ್ಯವಿಲ್ಲ, ನಮ್ಮ ಕಲ್ಲಿಗಿದೆ. ಮಾದರಿ ಎಂಬುದೂ ನಿಜವೇ. ಆದರೆ ಎಲ್ಲರಿಗೂ ತಿಳಿದ ಮಾದರಿಯಾಗಿದ್ದರಿಂದಲೇ ಅದು ಕೆಲಸಕ್ಕೆ ಬಂತು. 1196ರಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ ಅಮೃತಾಪುರದಲ್ಲಿ ಗುಡಿ ಕಟ್ಟಿಸಿದಾಗ ಶಾಸನದ ಪದ್ಯಗಳಿಗೆ ಜನ್ನನಂಥ ಕವಿಯೇ ಸಿಕ್ಕ. ಅವನ್ನು ಓದಿ ಸವಿಯಬಲ್ಲವರು ಎಷ್ಟು ಮಂದಿ? ಅಕ್ಷರ ಬಾರದ ರೈತನಿಗೂ ಹಸು-ಕರು ಗುರುತು ಸಿಗುತ್ತದೆ.

ಚಿತ್ರಗಳಂತೆ ಹೆಸರುಗಳೂ ಅವಸರದಲ್ಲಿ ಓದಿದರೆ ದಾರಿ ತಪ್ಪಿಸುತ್ತವೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ‘ಅಮೃತಮಹಲ್’ ಎಂದು ಕರೆದ. ಬೆಣ್ಣೆ, ಅಮೃತ ಎಂದು ಕೇಳಿದವರು ಹಾಲಿನ ಹೊಳೆಯನ್ನೇ ನೆನೆಯುತ್ತಾರೆ. ಆದರೆ ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಸಾಕುವ ಅಮೃತಮಹಲ್ ತಳಿ ಹಾಲು ಕೊಡುವುದು ಅಷ್ಟಕ್ಕಷ್ಟೆ. ಹೆಸರು ಮಾಡಿದ್ದು ಫಿರಂಗಿ ಎಳೆದು.